ಯಂತ್ರಮೃಗವು ಯಾರ ಪಕ್ಷ?



ಕಳೆದ ತಿಂಗಳು ಬೀದರ ನಗರದ ನಮ್ಮ ಮನೆಯಲ್ಲಿ ಮೊಮ್ಮಗನು ಹಳೆಯದೊಂದು ಅಮೆರಿಕದ ಚಿತ್ರವನ್ನು ನೋಡುತ್ತ ಕುಳಿತಿದ್ದನು. 1986ರಲ್ಲಿ ತೆರೆಕಂಡ ‘ದಿ ಟ್ರಾನ್ಸ್‌ಫಾರ್ಮರ್ಸ್: ದಿ ಮೂವೀ’ ಎಂಬ ಆ ಚಿತ್ರವು ರೂಪ ಬದಲಿಸುವ ಯಂತ್ರಮಾನವರ ಕಥೆ. ನಾನು ಮಗ್ಗುಲಲ್ಲಿ ಕುಳಿತು ಪುಸ್ತಕ ಓದುತ್ತಿದ್ದೆನಾದರೂ ಗದ್ದಲ ತಾಳಲಾರದೆ ತಲೆಯೆತ್ತಿ ನೋಡಿದೆ. ಐದು ಮುಖಗಳ ಯಂತ್ರ ನ್ಯಾಯಾಧೀಶರ ಮುಂದೆ ಸೆರೆಯಾಳುಗಳ ವಿಚಾರಣೆ ನಡೆಯುತ್ತಿತ್ತು. ‘ನಿರಪರಾಧಿ’ ಎಂಬ ತೀರ್ಪು ಬಂದ ಮೇಲೂ ಆ ಬಡಪಾಯಿಯನ್ನು ಕೆಳಗಿನ ಹೊಂಡಕ್ಕೆ ತಳ್ಳಿದರು. ಹೊಂಡದ ತುಂಬ ‘ಶಾರ್ಕ್‌ಟಿಕಾನ್’ ಎಂಬ ಯಂತ್ರಮೃಗಗಳು. ಮೈಗಿಂತ ಬಾಯಿಯೇ ದೊಡ್ಡದು. ಬಾಯಿ ತುಂಬ ಹಲ್ಲು. ಬಿದ್ದವನನ್ನು ಅವು ಹರಿದು ನುಂಗಿಬಿಟ್ಟವು.

ಸ್ವಲ್ಪ ಹೊತ್ತಿನ ತರುವಾಯ ಗ್ರಿಮ್‌ಲಾಕ್ ಎಂಬ ಇನ್ನೊಂದು ದೈತ್ಯಯಂತ್ರವು ಅಲ್ಲಿಗೆ ಬಂದು, ಆ ಮೃಗಗಳನ್ನು ಬಡಿದು ಬೆದರಿಸಿ, ನ್ಯಾಯಾಧೀಶರ ಮೇಲೆಯೇ ಬೀಳುವಂತೆ ಆಜ್ಞಾಪಿಸಿತು. ಅವು ಕ್ಷಣಮಾತ್ರವೂ ಹಿಂದೆಮುಂದೆ ನೋಡದೆ ತಮ್ಮನ್ನು ಅದುವರೆಗೆ ಸಾಕಿದ್ದ ಒಡೆಯರತ್ತಲೇ ನುಗ್ಗಿದವು. ಮೊಮ್ಮಗನು ಚಪ್ಪಾಳೆ ತಟ್ಟಿದನು. ಅನಂತರ ಏನೋ ಯೋಚಿಸಿ, “ಅಜ್ಜಾ, ಇವು ಒಳ್ಳೆಯವರ ಕಡೆಯೋ, ಕೆಟ್ಟವರ ಕಡೆಯೋ?” ಎಂದು ಕೇಳಿದನು.

ಶಾಸ್ತ್ರಗ್ರಂಥಗಳ ನಡುವೆ ನಲವತ್ತು ವರ್ಷ ಕಳೆದ ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಈ ತಿಂಗಳ ಲೇಖನವು ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

‘ರೋಬೋ’ ಎಂಬ ಮಾತು ಇಂದು ನಮ್ಮ ಮಕ್ಕಳ ಬಾಯಲ್ಲಿ ಸಲೀಸಾಗಿದೆ. ಅದರ ಮೂಲವಾದ ‘ರೋಬೋಟ್’ ಎಂಬ ಪದವನ್ನು ಲೋಕಕ್ಕೆ ಪರಿಚಯಿಸಿದ್ದು ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ‘ಆರ್.ಯು.ಆರ್.’ ಎಂಬ ನಾಟಕ. ಝೆಕ್ ಭಾಷೆಯ ‘ರೋಬೋಟಾ’ ಎಂದರೆ ಬಲವಂತದ ದುಡಿಮೆ. ನಮ್ಮ ಕಡೆಯ ಮಾತಿನಲ್ಲಿ ಬಿಟ್ಟಿಬೇಗಾರಿ. ಬಿಟ್ಟಿಗೆ ದುಡಿಸಲೆಂದೇ ಸೃಷ್ಟಿಸಿದ ಆ ಜೀವಿಗಳು ನಾಟಕದಲ್ಲಿ ಕೊನೆಗೆ ಮನುಷ್ಯಕುಲದ ವಿರುದ್ಧ ದಂಗೆಯೇಳುತ್ತವೆ. 1942ರಲ್ಲಿ ಐಸಾಕ್ ಅಸಿಮೋವ್ ಎಂಬ ಅಮೆರಿಕದ ಕಥೆಗಾರನು ತನ್ನ ಯಂತ್ರಮಾನವರಿಗೆ ಮೂರು ಕಟ್ಟಳೆಗಳನ್ನು ವಿಧಿಸಿದನು. ಮನುಷ್ಯನಿಗೆ ಕೇಡು ಮಾಡಲಾಗದು ಎಂಬುದು ಮೊದಲನೆಯದು. ಮನುಷ್ಯರ ಆಜ್ಞೆ ಪಾಲಿಸಬೇಕೆಂಬುದು ಅದರ ತರುವಾಯದ್ದು. ಹೀಗೆ ಯಂತ್ರಕ್ಕೆ ಯಾರಲ್ಲಿ ನಿಷ್ಠೆಯಿರಬೇಕು ಎಂಬ ಚಿಂತೆ ಆ ಸಾಹಿತ್ಯಕ್ಕೆ ಆರಂಭದಿಂದಲೂ ಅಂಟಿಕೊಂಡೇ ಬಂದಿದೆ.

ಆದರೆ ಇದು ಪರದೇಶದ ಕಟ್ಟುಕಥೆ ಮಾತ್ರವೆಂದು ನಾವು ತಿಳಿಯಬೇಕಾಗಿಲ್ಲ. ಹಸಿದ ಬಾಯಿಯ, ಒಡೆಯರನ್ನು ಬದಲಿಸುವ ಯಂತ್ರಮೃಗಗಳು ಕನ್ನಡ ನೆಲದಲ್ಲಿ ಶತಮಾನಗಳಿಂದ ಬಿದ್ದುಕೊಂಡಿವೆ. ಮರುದಿನವೇ ಮೊಮ್ಮಗನನ್ನು ಕರೆದುಕೊಂಡು ಬೀದರ ಕೋಟೆಗೆ ಹೋದೆ.

ಮೂರು ಸಾಲಿನ ಕಂದಕ ದಾಟಿ ಒಳಹೊಕ್ಕು ಮುಂಡಾ ಬುರುಜಿನ ದೊಡ್ಡ ತೋಪಿನ ಬಳಿ ನಿಂತೆವು. ಬಿಸಿಲಿಗೆ ಕಾದ ಅದರ ಬೆನ್ನಿನ ಮೇಲೆ ಹುಡುಗನು ಕೈಯಿಟ್ಟು ಹಿಂದೆಳೆದುಕೊಂಡನು. ಈ ಕೋಟೆ ಎಷ್ಟು ಜನ ಒಡೆಯರನ್ನು ಕಂಡಿದೆಯೆಂಬುದನ್ನು ಅವನಿಗೆ ಬೆರಳೆಣಿಸಿ ಹೇಳಿದೆ. ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿಗಳು, ಅವರ ತರುವಾಯ ಬರೀದಶಾಹಿಗಳು, 1619ರಲ್ಲಿ ವಿಜಾಪುರದ ಆದಿಲಶಾಹಿಗಳು, 1657ರಲ್ಲಿ ಮೊಗಲರು, 1724ರಿಂದ ನಿಜಾಮರು. ಒಡೆಯರು ಬದಲಾದಂತೆಲ್ಲ ಕೋಟೆಯ ತೋಪುಗಳು ಬಾಯಿ ತಿರುಗಿಸಿದವು. ನಿನ್ನೆಯವರೆಗೆ ಯಾರನ್ನು ಕಾಯುತ್ತಿದ್ದವೋ ಇಂದು ಅವರನ್ನೇ ಸುಡಲು ಸಿದ್ಧವಾದವು.

1657ರ ಮುತ್ತಿಗೆಯ ವೃತ್ತಾಂತವನ್ನು ಓದಿದವರು ಮರೆಯಲಾರರು. ಆಗ ವಿಜಾಪುರದ ಪರವಾಗಿ ಕೋಟೆಯನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್ ಎಂಬ ವೃದ್ಧ ಸೇನಾನಿ. ರಾಜಕುಮಾರ ಔರಂಗಜೇಬನ ಸೈನ್ಯವು 27 ದಿನ ಮುತ್ತಿಗೆ ಹಾಕಿತ್ತು. ಒಂದು ದಿನ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿನ ರಾಶಿಗೆ ಕಿಡಿ ಬಿದ್ದು ಸ್ಫೋಟವಾಯಿತು. ಸಿದ್ದಿ ಮರ್ಜಾನನೂ ಅವನ ಮಕ್ಕಳೂ ಬೆಂದುಹೋದರು. ಶತ್ರುವಿಗೆಂದು ಕೂಡಿಸಿದ ಮದ್ದು ಕೂಡಿಸಿದವನನ್ನೇ ಉಂಡಿತು. ಪ್ರಾಣಾಂತಿಕವಾಗಿ ಗಾಯಗೊಂಡ ಆ ಮುದುಕನು ತನ್ನ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿಕೈಗಳನ್ನು ಕಳುಹಿಸಬೇಕಾಯಿತು. ಗೆದ್ದವರಿಗೆ 230 ತೋಪುಗಳು ದೊರೆತವೆಂದು ಇತಿಹಾಸಕಾರರು ಬರೆದಿದ್ದಾರೆ. ಊರಿಗೂ ‘ಜಫರಾಬಾದ್’ ಎಂಬ ಹೊಸ ಹೆಸರು ಬಂದಿತು. ಅವನು ಸಾಯುವವರೆಗೂ ತನ್ನ ದೊರೆಯನ್ನು ಬಿಡಲಿಲ್ಲ. ಅವನ 230 ತೋಪುಗಳಲ್ಲಿ ಒಂದಾದರೂ ಅವನಿಗಾಗಿ ಮರುಗಲಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದ ಯಂತ್ರಮೃಗವನ್ನು ಕಾಣಬೇಕೆಂದರೆ ವಿಜಯಪುರದ ಶೆರ್ಜಾ ಬುರುಜಿಗೆ ಹೋಗಬೇಕು. ಅಲ್ಲಿರುವ ‘ಮಲಿಕ್-ಎ-ಮೈದಾನ್’ ತೋಪಿನ ಮೂತಿಯೇ ಬಾಯ್ತೆರೆದ ಸಿಂಹದ ಮುಖ. ಅದರ ದವಡೆಗಳ ನಡುವೆ ಆನೆ ಸಿಕ್ಕಿ ನಜ್ಜಾಗುತ್ತಿದೆ. ಸುಮಾರು 55 ಟನ್ ತೂಕದ ಈ ಕಂಚಿನ ಮೃಗವು ಹುಟ್ಟಿದ್ದು ವಿಜಾಪುರದಲ್ಲಲ್ಲ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಕರ್ಮಿಯು ನಿಜಾಮಶಾಹಿಗಳಿಗಾಗಿ ಇದನ್ನು ಎರಕ ಹೊಯ್ದನು. 1565ರ ತಾಳಿಕೋಟೆ ಯುದ್ಧದಲ್ಲಿ ಇದು ವಿಜಯನಗರದ ಸೈನ್ಯದ ಮೇಲೆ ಬೆಂಕಿ ಕಾರಿತೆಂಬ ಪ್ರತೀತಿಯಿದೆ. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ವಿಜಾಪುರಕ್ಕೆ ಎಳೆದು ತಂದರು. ಅಹಮದನಗರದವರು ಹೆತ್ತ ಸಿಂಹವು ಅಂದಿನಿಂದ ವಿಜಾಪುರದ ಕಾವಲು ಸಿಂಹವಾಯಿತು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದಾಗ ಅದೇ ತೋಪಿನ ಮೈಮೇಲೆ ತನ್ನ ವಿಜಯದ ಶಾಸನವನ್ನು ಕೆತ್ತಿಸಿದನು. ಹಳೆಯ ಬರೆಹದ ಪಕ್ಕದಲ್ಲಿ ಹೊಸ ಬರೆಹ ಕುಳಿತಿತು. ಎರಡಕ್ಕೂ ಮೃಗವು ಮೈಯೊಡ್ಡಿತು. ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ನಿರುಪಯುಕ್ತ ವಸ್ತುವೆಂದು ಇದನ್ನು ಹರಾಜಿಗಿಟ್ಟಾಗ ಬಂದ ಬೇಡಿಕೆ ಕೇವಲ 150 ರೂಪಾಯಿ! ಬೆಲೆ ತೀರ ಕಡಿಮೆಯಾಯಿತೆಂದು ಹರಾಜು ನಿಂತಿತು. ಆದುದರಿಂದ ಅದು ಇಂದಿಗೂ ನಮ್ಮ ಕಣ್ಣಿಗೆ ಕಾಣುತ್ತಿದೆ.

ಮೂರನೆಯ ಮೃಗವಂತೂ ನಿಜವಾಗಿಯೂ ಕೀಲುಗಳಿಂದ ಆಡುವಂಥದು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಸುಲ್ತಾನನು ಇರಿಸಿಕೊಂಡಿದ್ದ ಮರದ ಹುಲಿಯದು. ಕೆಳಗೆ ಬಿದ್ದ ಐರೋಪ್ಯ ಸೈನಿಕನ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಊದಿ ಹುಲಿ ಗುರುಗುಟ್ಟುತ್ತದೆ, ಸೈನಿಕನ ಕೈ ಮೇಲೇಳುತ್ತದೆ, ಅವನ ನರಳಾಟ ಕೇಳಿಸುತ್ತದೆ. ಹೊಟ್ಟೆಯೊಳಗೆ 18 ಮನೆಗಳ ಪುಟ್ಟ ವಾದ್ಯವೂ ಉಂಟು. ಇಂಗ್ಲಿಷರ ವೈರಕ್ಕೆ ಗುರುತಾಗಿದ್ದ ಈ ಹುಲಿಯನ್ನು 1799ರಲ್ಲಿ ಪಟ್ಟಣ ಬಿದ್ದ ಬಳಿಕ ಇಂಗ್ಲಿಷರೇ ಕೊಂಡೊಯ್ದರು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದು ಪ್ರದರ್ಶನಕ್ಕೆ ನಿಂತಿತು. ಬಂದವರೆಲ್ಲ ಹಿಡಿ ತಿರುಗಿಸಿ ಗುರುಗುಟ್ಟಿಸುತ್ತಿದ್ದುದರಿಂದ ಅಲ್ಲಿನ ಗ್ರಂಥಾಲಯದ ಓದುಗರು ಬೇಸತ್ತಿದ್ದರಂತೆ. ಇಂದು ಅದು ಅದೇ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಯಾರ ಕೊರಳನ್ನು ಕಚ್ಚಲು ಆ ಹುಲಿಯನ್ನು ಮಾಡಿಸಿದ್ದರೋ ಅವರ ಮಕ್ಕಳನ್ನೇ ಅದು ರಂಜಿಸಿತು. ಹಿಡಿ ಯಾರ ಕೈಯಲ್ಲಿದ್ದರೂ ಅದು ಗುರುಗುಟ್ಟುವುದು ಒಂದೇ ಬಗೆ.

ಹಾಗಾದರೆ ಈ ಮೃಗಗಳನ್ನು ದ್ರೋಹಿಗಳೆಂದು ಕರೆಯಬಹುದೇ? ದ್ರೋಹ ಬಗೆಯುವುದಕ್ಕೂ ಮೊದಲು ನಿಷ್ಠೆಯೆಂಬುದು ಇರಬೇಕಷ್ಟೆ. ನಿಷ್ಠೆಗೆ ಅರಿವು ಬೇಕು. ತೋಪಿಗೆ ಬಾಯಿಯುಂಟು, ಹೊಟ್ಟೆಯುಂಟು; ಅರಿವು ಇಲ್ಲ. ಅದರ ಹಸಿವೂ ಅದರದಲ್ಲ, ತುಂಬಿದವನದು. ಪಕ್ಷ ಬದಲಿಸಿತೆಂದು ನಾವು ಹೇಳುವುದು ಮಾತಿನ ಅಲಂಕಾರ. ಬದಲಾದದ್ದು ಅದನ್ನು ಹಿಡಿದ ಕೈ.

ಈ ಮಾತನ್ನು ನಾನು ಗ್ರಂಥಗಳಿಂದ ಕಲಿಯುವುದಕ್ಕೂ ಮೊದಲೇ ಮನೆಯ ಅಂಗಳದಲ್ಲಿ ಕಲಿತಿದ್ದೆ. ನಮ್ಮ ಮೂಲ ಮನೆ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿದೆ. 1972ರ ಬರಗಾಲದಲ್ಲಿ ಹೊಲದಲ್ಲಿ ಜೋಳದ ದಂಟೂ ಏಳಲಿಲ್ಲ. ಮನೆಯಲ್ಲಿ ಜೋಡಿ ದೇವಣಿ ಎತ್ತುಗಳಿದ್ದವು. ಬಿಳಿಯ ಮೈಯ ಮೇಲೆ ಕರಿಯ ಮಚ್ಚೆಗಳು. ತಂದೆಯವರು ಅವುಗಳಲ್ಲಿ ಒಂದನ್ನು ಭಾಲ್ಕಿ ತಾಲೂಕಿನ ಒಬ್ಬ ಸ್ಥಿತಿವಂತ ರೈತನಿಗೆ ಮಾರಿದರು. ಮೂರನೆಯ ರಾತ್ರಿ ಅಂಗಳದಲ್ಲಿ ಗಂಟೆಯ ಸದ್ದು. ತಾಯಿ ದೀಪ ಹಿಡಿದು ಹೊರಬಂದು ನೋಡಿದರೆ ಮಾರಿದ ಎತ್ತು! ಬತ್ತಿದ ಮಾಂಜ್ರಾ ನದಿಯ ಪಾತ್ರವನ್ನು ದಾಟಿ, ಹಗ್ಗದ ತುಂಡು ಕೊರಳಲ್ಲಿ ಜೋತಾಡುತ್ತಿರಲು, ತನ್ನ ಗೋದಲಿಯ ಮುಂದೆ ಬಂದು ನಿಂತಿತ್ತು. ಕೊಂಡವನ ಮನೆಯಲ್ಲಿ ಮೇವಿತ್ತು. ನಮ್ಮ ಗೋದಲಿ ಬರಿದಾಗಿತ್ತು. ತುಂಬಿದ ಗೋದಲಿಯನ್ನು ಬಿಟ್ಟು ಬರಿಗೋದಲಿಗೆ ಅದು ಏಕೆ ಬಂದಿತು?

ಮರುದಿನ ಮುಂಜಾನೆ ತಂದೆಯವರು ಅದನ್ನು ಮತ್ತೆ ಹೊಡೆದುಕೊಂಡು ಹೋದರು. ಬಂದ ಹಣದಲ್ಲಿ ಆಗಲೇ ಜೋಳ ತಂದಾಗಿತ್ತು, ಉಂಡೂ ಆಗಿತ್ತು. ಹನ್ನೊಂದು ವರ್ಷದ ನಾನು ಊರ ಅಗಸೆಯವರೆಗೆ ಅವರ ಹಿಂದೆ ಅಳುತ್ತ ನಡೆದೆ. ಹಸಿವಿಗಾಗಿ ಮುಖ ತಿರುಗಿಸಿದವರು ಅಂದು ನಾವು, ಎತ್ತಲ್ಲ.

ಮುಂದೆ ಕಾಲ ಸುಧಾರಿಸಿ, ನಮ್ಮ ಅಣ್ಣನವರು ಸಾಲ ಮಾಡಿ ಒಂದು ಟ್ರ್ಯಾಕ್ಟರು ತಂದರು. ಕಂತು ಕಟ್ಟಲಾಗದೆ ಅದು ಹರಾಜಾಯಿತು, ತಪ್ಪು ನಮ್ಮದೇ. ಮರುವರ್ಷದ ಮುಂಗಾರಿನಲ್ಲಿ ಅದು ನಮ್ಮ ಬದುವಿಗೆ ಹೊಂದಿದ ಹೊಲವನ್ನು ಉಳುತ್ತಿತ್ತು. ಅದೇ ಸದ್ದು, ಅದೇ ಹೊಗೆ, ನಮ್ಮ ತಾಯಿ ಹಚ್ಚಿದ ಕುಂಕುಮದ ಕಲೆಯೂ ಅದೇ. ಯಾರೋ ಕೀಲಿ ತಿರುವಿದರು, ಅದು ಹೊರಟಿತು. ಅದರ ಮೇಲೆ ನನಗೆ ಕೋಪ ಬರಲಿಲ್ಲ. ಎತ್ತಿನ ನೆನಪಾಗಿ ಕಣ್ಣು ತುಂಬಿತು.

ನಿಷ್ಠೆಯು ಮೈಮೇಲಿನ ಬರೆಹದಲ್ಲಿ ಇರುವುದಿಲ್ಲ ಎಂಬುದಕ್ಕೆ ಭಾಲ್ಕಿಯೇ ಸಾಕ್ಷಿ. ನಿಜಾಮರ ಆಳ್ವಿಕೆಯಲ್ಲಿ ಈ ಭಾಗದಲ್ಲಿ ಉರ್ದುವಿಗೆ ರಾಜಮನ್ನಣೆ. ಕನ್ನಡ ಕಲಿಸುವುದು ಕಷ್ಟವಾಗಿತ್ತು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ತೋಪಿನ ಮೇಲೆ ಒಬ್ಬರ ತರುವಾಯ ಒಬ್ಬರು ಹೆಸರು ಕೆತ್ತಿದರು, ಒಳಗೆ ಟೊಳ್ಳು. ಶಾಲೆಯ ಮೇಲೆ ಫಲಕ ಬೇರೆಯಿತ್ತು, ಒಳಗೆ ತಾಯಿನುಡಿ ತುಂಬಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಕನ್ನಡ ನಾಡಿಗೆ ಸೇರಿದಾಗ ಹಾಗೆ ಕಲಿತ ಮಕ್ಕಳೇ ಅದನ್ನು ಎದುರುಗೊಂಡರು.

ಇಂದು ಮಾತನಾಡುವ ಯಂತ್ರಗಳು ನಮ್ಮ ಮನೆಯೊಳಗೇ ಬಂದಿವೆ. ಅಂಗೈಯಲ್ಲಿ ಹಿಡಿಯುವ ಮೊಬೈಲು ನಮ್ಮ ಸೇವಕನಂತೆ ತೋರುತ್ತದೆ. ನಮ್ಮ ಹೊತ್ತನ್ನು, ನಮ್ಮ ಮನೆಯ ಸುದ್ದಿಯನ್ನು ಎಷ್ಟು ಉಣಿಸಿದರೂ ಅದರ ಹಸಿವು ಹಿಂಗದು. ಯುದ್ಧಭೂಮಿಯಲ್ಲಿ ಪೈಲಟ್ ಇಲ್ಲದ ವಿಮಾನಗಳು ಹಾರುತ್ತಿವೆ. ಇವುಗಳಿಗೆ ಹೆದರಿ ಬಾಗಿಲು ಹಾಕಿಕೊಳ್ಳಿರೆಂದು ನಾನು ಹೇಳಲಾರೆ; ಈ ಲೇಖನವೂ ಯಂತ್ರದಲ್ಲಿಯೇ ಅಚ್ಚಾಗುತ್ತದೆ. ಯಂತ್ರವು ಮನೆಗೆ ಬಂದಾಗ ‘ಇದರಿಂದ ಏನು ಲಾಭ?’ ಎಂದು ಕೇಳುವ ನಾವು, ‘ಇದರ ಹಿಡಿ ಯಾರ ಕೈಯಲ್ಲಿದೆ? ಇದು ಏನನ್ನು ಉಣ್ಣುತ್ತದೆ?’ ಎಂದೂ ಕೇಳಬೇಕು. ಸಿದ್ದಿ ಮರ್ಜಾನನ ಬುರುಜಿನ ಹಿಂದಿದ್ದ ಮದ್ದಿನಂತೆ, ಕಾಯುವುದೆಂದು ನಂಬಿ ಕೂಡಿಟ್ಟದ್ದು ಕಿಡಿ ಬಿದ್ದಾಗ ಯಾರನ್ನೂ ಗುರುತಿಸುವುದಿಲ್ಲ.

ಕೋಟೆಯಿಂದ ಮರಳುವಾಗ ಮೊಮ್ಮಗನಿಗೆ ಉತ್ತರ ಹೇಳಿದೆ: “ಮಗೂ, ಆ ಯಂತ್ರಮೃಗ ಒಳ್ಳೆಯವರ ಕಡೆಯೂ ಅಲ್ಲ, ಕೆಟ್ಟವರ ಕಡೆಯೂ ಅಲ್ಲ. ಅದಕ್ಕೆ ಕಡೆಯೆಂಬುದೇ ಇಲ್ಲ. ಕಡೆಯಿರುವುದು ನಿನಗೆ. ಹಿಡಿ ನಿನ್ನ ಕೈಗೆ ಬಂದ ದಿನ ಅದು ನಿನ್ನಂತೆಯೇ ಇರುತ್ತದೆ.”

ಅವನು ಸ್ವಲ್ಪ ದೂರ ಸುಮ್ಮನೆ ನಡೆದು, “ಆ ಎತ್ತು ಮತ್ತೊಮ್ಮೆ ಬಂದಿತೇ ಅಜ್ಜಾ?” ಎಂದನು.

ಬರಲಿಲ್ಲ. ಆ ಬಾರಿ ಕೊಂಡವರು ಬಲವಾದ ಹಗ್ಗವನ್ನೇ ಕಟ್ಟಿರಬೇಕು. ಆದರೂ ತಾಯಿಯವರು ಬಹಳ ದಿನ ರಾತ್ರಿ ಗೋದಲಿಯಲ್ಲಿ ಒಂದು ಹಿಡಿ ಹೊಟ್ಟು ಹಾಕಿಡುತ್ತಿದ್ದರು.