ತಿಂಗಳು ತುಂಬದ ಮಗುವಿನ ಹಾಲು ಯಾರ ಹೊಣೆ?

ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅದು ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಆದರೆ ಮಗು ಉಳಿಯಿತೇ ಇಲ್ಲವೇ ಎಂಬ ಆ ಒಂದೇ ಪ್ರಶ್ನೆಯಲ್ಲಿ ಆಸ್ಪತ್ರೆಗಳೂ ಬಹುಕಾಲ ಸಿಕ್ಕಿಕೊಂಡಿದ್ದವು. ಮೊದಲ ವಾರಗಳಲ್ಲಿ ಮಗುವಿನ ಹೊಟ್ಟೆಗೆ ಏನು ಬಿತ್ತು ಎನ್ನುವುದಕ್ಕೂ ಎಂಟು ವರ್ಷಕ್ಕೆ ಅದು ಹೇಗೆ ಮಾತಾಡುತ್ತದೆ, ಹೇಗೆ ಕಲಿಯುತ್ತದೆ ಎನ್ನುವುದಕ್ಕೂ ನಂಟಿದೆಯೇ ಎಂದು ವಿಚಾರಿಸತೊಡಗಿದ್ದು ತೀರ ತಡವಾಗಿ.

ಇಂಗ್ಲೆಂಡಿನಲ್ಲಿ ಅಲನ್ ಲೂಕಾಸ್ ಮತ್ತು ಅವರ ಜೊತೆಗಾರರು 1982ರಲ್ಲಿ ಇದನ್ನು ನೇರವಾಗಿಯೇ ಪರೀಕ್ಷೆಗೆ ಹಚ್ಚಿದರು. 1850 ಗ್ರಾಂಗಿಂತ ಕಡಿಮೆ ತೂಕದ ಅವಧಿಪೂರ್ವ ಶಿಶುಗಳಲ್ಲಿ ಕೆಲವಕ್ಕೆ ಸಾಮಾನ್ಯ ಫಾರ್ಮುಲಾ (ಎದೆಹಾಲಿನ ಬದಲು ಕೊಡುವ ತಯಾರಿ ಹಾಲು), ಕೆಲವಕ್ಕೆ ಪ್ರೋಟೀನ್ ಮತ್ತು ಖನಿಜಗಳು ಹೆಚ್ಚಿದ್ದ ವಿಶೇಷ ಫಾರ್ಮುಲಾ ಕೊಟ್ಟರು. ಯಾವ ಮಗುವಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತಿತ್ತು. ಆ ವ್ಯತ್ಯಾಸ ನಡೆದದ್ದು ಸರಾಸರಿ ನಾಲ್ಕು ವಾರ ಮಾತ್ರ. ಏಳೂವರೆ, ಎಂಟು ವರ್ಷಕ್ಕೆ ಆ ಮಕ್ಕಳನ್ನು ಮತ್ತೆ ಪರೀಕ್ಷಿಸಿದಾಗ, ಬರೀ ಸಾಮಾನ್ಯ ಫಾರ್ಮುಲಾ ಕುಡಿದಿದ್ದ ಗಂಡುಮಕ್ಕಳು ಭಾಷೆಗೆ ಸಂಬಂಧಿಸಿದ ಬುದ್ಧ್ಯಂಕದಲ್ಲಿ ಸುಮಾರು 12 ಅಂಕ ಹಿಂದಿದ್ದರು. ಹೆಣ್ಣುಮಕ್ಕಳಲ್ಲಿ ಅಂಥ ಅಂತರ ಕಾಣಲಿಲ್ಲ.

ನಾಲ್ಕೇ ವಾರಕ್ಕೆ ಇಷ್ಟೊಂದು ಬೆಲೆಯೇಕೆ? ಗರ್ಭದಲ್ಲಿ 34 ವಾರ ಕಳೆದ ಮಗುವಿನ ಮಿದುಳು, ತುಂಬು ತಿಂಗಳ ಮಗುವಿನ ಮಿದುಳಿನ ಮೂರನೇ ಎರಡು ಭಾಗದಷ್ಟೇ ತೂಗುತ್ತದೆ. ಉಳಿದದ್ದು ಬೆಳೆಯಬೇಕಾದದ್ದು ಕೊನೆಯ ಆರೇ ವಾರಗಳಲ್ಲಿ. ಕಬ್ಬಿಣ, ಕ್ಯಾಲ್ಸಿಯಂ, ಕೊಬ್ಬು ತಾಯಿಯಿಂದ ಮಗುವಿಗೆ ಧಾರಾಳವಾಗಿ ಹರಿದು ಬರುವುದೂ ಕೊನೆಯ ಮೂರು ತಿಂಗಳಲ್ಲೇ. ಮೊದಲೇ ಹುಟ್ಟಿದ ಮಗು ಬುತ್ತಿ ಕಟ್ಟಿಕೊಳ್ಳದೆ ಹೊರಟ ಪ್ರಯಾಣಿಕನಂತೆ. ಅದರ ಮೇಲೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ 34 ವಾರದ ಸುಮಾರಿಗೆ ಮುಂಚೆ ಅದಕ್ಕೆ ಬಂದಿರುವುದಿಲ್ಲ.

ಹಾಗೆಂದು ಯಾವುದೋ ಒಂದು ಪೋಷಕಾಂಶವನ್ನು ಸುರಿದುಬಿಟ್ಟರೆ ಮಗು ಜಾಣವಾಗುತ್ತದೆ ಎಂದಲ್ಲ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ ಒಂದು ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಮೊದಲ ಐದು ದಿನ ಡ್ರಿಪ್ಪಿನಲ್ಲಿ ಹೆಚ್ಚುವರಿ ಅಮೈನೋ ಆಮ್ಲ ಕೊಟ್ಟು ನೋಡಿದರು. ಎರಡು ವರ್ಷಕ್ಕೆ ಲಾಭವೇನೂ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಕೆನಡಾದಲ್ಲಿ, ತಾಯಿಯ ಹಾಲು ಸಾಲದಾದಾಗ ದಾನಿಗಳ ಹಾಲು ಕೊಟ್ಟ ಮಕ್ಕಳಿಗೂ ಫಾರ್ಮುಲಾ ಕೊಟ್ಟ ಮಕ್ಕಳಿಗೂ 18 ತಿಂಗಳಲ್ಲಿ ಬುದ್ಧಿಯ ಬೆಳವಣಿಗೆಯಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಕರುಳು ಕೊಳೆಯುವ ಮಾರಕ ಕಾಯಿಲೆ ದಾನಿ ಹಾಲು ಕುಡಿದವರಲ್ಲಿ ಕಡಿಮೆಯಿತ್ತು. ಅದೊಂದೇ ಕಾರಣಕ್ಕೂ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿರುವಂಥ ಎದೆಹಾಲಿನ ಬ್ಯಾಂಕ್ ಬೇಕೇ ಬೇಕು. ಆದರೂ ಅದು ಎರಡನೆಯ ಆಯ್ಕೆ. ಮೊದಲನೆಯದು ಹೆತ್ತವಳ ಹಾಲೇ. ತೀರ ಸಣ್ಣ ಮಗುವಿಗೆ ಅದೂ ಸಾಲದು, ಪ್ರೋಟೀನ್ ಮತ್ತು ಖನಿಜಗಳ ಪುಡಿ ಬೆರೆಸಬೇಕಾಗುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. "ತಾಯಿಯ ಹಾಲೇ ಶ್ರೇಷ್ಠ" ಎಂದು ಗೋಡೆಗೆ ಪೋಸ್ಟರ್ ಅಂಟಿಸಿ, ಹಾಲು ಇಳಿಯದಿದ್ದರೆ ತಾಯಿಯನ್ನೇ ದೂರುತ್ತೇವೆ. "ನಿನಗೆ ಹಾಲೇ ಇಲ್ಲವಲ್ಲೇ" ಎಂದು ಮನೆಯವರೂ ಅನ್ನುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಇಂಥ ಮಗುವಿಗೆ ಹಾಲು ಕುಡಿಸುವುದು ಎಂದರೇನು ಎಂದು ನೋಡಿ. ಮೂಗಿನಿಂದಲೋ ಬಾಯಿಂದಲೋ ಇಳಿಬಿಟ್ಟ ದಾರದಂಥ ನಳಿಕೆ, ಅದರ ತುದಿಗೆ ಒತ್ತುಗಡ್ಡಿ ತೆಗೆದ ಸಿರಿಂಜು. ನರ್ಸ್ ಅದನ್ನು ಎತ್ತಿ ಹಿಡಿದಾಗ ಒಂದೆರಡು ಮಿಲಿಲೀಟರ್ ಹಾಲು ತನ್ನ ಭಾರಕ್ಕೇ ನಿಧಾನವಾಗಿ ಇಳಿಯುತ್ತದೆ. ವಾರಗಳ ಮೇಲೆ ಒಳಲೆ, ಆಮೇಲೆ ಮೊಲೆ. ಅಲ್ಲಿಯವರೆಗೆ ಮಗು ಚೀಪದಿದ್ದರೂ ಹಾಲು ಬತ್ತದಿರಬೇಕಾದರೆ ತಾಯಿ ಹೆರಿಗೆಯಾದ ಮೊದಲ ಗಂಟೆಗಳಿಂದಲೇ ದಿನಕ್ಕೆ ಎಂಟು ಸಲ, ರಾತ್ರಿಯೂ ಎದ್ದು, ಹಿಂಡಿ ತೆಗೆಯಬೇಕು. ಸಿಸೇರಿಯನ್ ಹೊಲಿಗೆ ಹಸಿಯಿರುವ ಬಾಣಂತಿ ಒಂದು ಆಸ್ಪತ್ರೆಯಲ್ಲಿ, ಮಗು ಇನ್ನೊಂದರಲ್ಲಿ ಇದ್ದರೆ ಇದು ಸಾಧ್ಯವೇ? ಕೂರಲು ಮರೆಯಾದ ಜಾಗವಿಲ್ಲದೆ, ಹೊತ್ತಿಗೆ ಊಟವಿಲ್ಲದೆ, ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುವವಳಿಂದ ಸಾಧ್ಯವೇ?

ತಾಯಿಯನ್ನು ಒಳಗೇ ಇಟ್ಟುಕೊಂಡರೆ ಏನಾಗುತ್ತದೆಂದು ನಮ್ಮ ದೇಶವೂ ಸೇರಿದ ಒಂದು ಪ್ರಯೋಗವೇ ತೋರಿಸಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಹುಟ್ಟಿದ ಕೂಡಲೇ ಮಗುವನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆಗೆ ತಾಯಂದಿರನ್ನು ನಿಗಾ ಘಟಕದೊಳಗೇ ಇರಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾದಾಗ, ಮೊದಲ 28 ದಿನಗಳ ಸಾವು ಕಾಲುಭಾಗದಷ್ಟು ಇಳಿದಿತ್ತು. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದರು, ಜಗತ್ತಿನಲ್ಲೇ ಅತಿ ಹೆಚ್ಚು. ಇನ್‌ಕ್ಯುಬೇಟರ್ ಕೊಳ್ಳುವ ಬಜೆಟ್ಟಿನಲ್ಲೇ ತಾಯಿಯ ಮಂಚ, ಊಟ, ಹಾಲು ತೆಗೆಯುವ ಪಂಪು ಮತ್ತು ಅದನ್ನು ಹೇಳಿಕೊಡುವ ನರ್ಸಿನ ಸಂಬಳ ಸೇರಬೇಕು. ಅವು ಸೌಕರ್ಯಗಳಲ್ಲ, ಚಿಕಿತ್ಸೆ.

ಮನೆಗೆ ಬಂದ ಮೇಲೂ ತಾಯಿಗೆ ಹೋಲಿಕೆಯ ಕಾಟ ತಪ್ಪುವುದಿಲ್ಲ. ಪಕ್ಕದ ಮನೆಯ ಕೂಸು ಆಗಲೇ ಕೂತಿದೆ, ಇದಿನ್ನೂ ಇಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ, ಅದು ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು. ಎಂಟನೇ ತಿಂಗಳಿಗೆ ಕೂತರೆ ಅದು ಆರನೇ ತಿಂಗಳಿಗೇ ಕೂತಂತೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದಿಷ್ಟನ್ನು ಕನ್ನಡದಲ್ಲಿ ಬರೆದುಕೊಡಲು ಯಾವ ಬಜೆಟ್ಟೂ ಬೇಕಿಲ್ಲ.