ಬೀರುವಿನಲ್ಲಿ ವಚನ, ಗೋಡೆಯಲ್ಲಿ ಪಂಚಾಂಗ

ಕಾಯಕವನ್ನು ಕೈಲಾಸವೆಂದ ಮಾತನ್ನು ನಮ್ಮ ಸಮಾರಂಭಗಳ ಬ್ಯಾನರಿನ ಮೇಲೆ ದೊಡ್ಡದಾಗಿ ಬರೆಸಿ, ಕೆಳಗೆ ಬಸವಣ್ಣನವರ ಹೆಸರು ಹಾಕುತ್ತೇವೆ. ಆ ಮಾತು ಇರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಸರ್ಕಾರಿ ಇಂಜಿನಿಯರಾಗಿ ನಿವೃತ್ತನಾದ ಮೇಲೆ ಪುಸ್ತಕ ತೆರೆದಾಗಲೇ ನನಗೂ ಇದು ತಿಳಿದದ್ದು. ನಾವು ವಚನಗಳನ್ನು ಪೂಜಿಸುತ್ತೇವೆ, ಓದುವುದಿಲ್ಲ.

ಇದಕ್ಕಾಗಿಯೇ ಫ.ಗು. ಹಳಕಟ್ಟಿಯವರು ಸವೆದರೇ? ವಿಜಯಪುರದ ಆ ವಕೀಲರು ಮನೆಮನೆಯ ತಾಳೆಗರಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಮುಂದೆ ಸ್ವಂತ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. 1993ರಲ್ಲಿ ಸರ್ಕಾರವೇ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಕೊಟ್ಟಿತು. ಆ ಸಂಪುಟಗಳು ಇಂದು ಗಾಜಿನ ಬೀರುವಿನಲ್ಲಿವೆ; ಗೋಡೆಯ ಮೇಲೆ ಪಂಚಾಂಗವಿದೆ. ಪರರನ್ನೇಕೆ ಹೇಳಲಿ? ನನ್ನ ಮನೆಯ ಗೃಹಪ್ರವೇಶಕ್ಕೆ ನಾನೇ ರಾಹುಕಾಲ ನೋಡಿದ್ದೆ.

ಜರ್ಮನಿಯ ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜನರ ನುಡಿಗೆ ತಂದ. ಶರಣರು ಮುನ್ನೂರೈವತ್ತು ವರ್ಷ ಮೊದಲೇ ಜನರ ನುಡಿಯಲ್ಲಿ ಮಾತಾಡಿದ್ದರೆಂದು ನಾವು ಬೀಗುತ್ತೇವೆ. ನಿಜ. ಆದರೆ ಲೂಥರನ ಪುಸ್ತಕ ಜನರ ಕೈಗೆ ಹೋಯಿತು. ಅದನ್ನು ಓದಿದ ರೈತರು 1525ರಲ್ಲಿ ಧಣಿಗಳ ವಿರುದ್ಧ ಎದ್ದಾಗ ಲೂಥರನೇ ಧಣಿಗಳ ಪಕ್ಷ ವಹಿಸಿದ. ಮೂಲಗ್ರಂಥವನ್ನು ನಿಜವಾಗಿ ತೆರೆದರೆ ಅದು ಮೊದಲು ಉಳ್ಳವನನ್ನು ಪ್ರಶ್ನಿಸುತ್ತದೆ. ನಾವು ಬೀರುವಿಗೆ ಬೀಗ ಹಾಕಿರುವುದು ಆ ಭಯದಿಂದಲ್ಲವೇ?

ಮಾರಯ್ಯ ಉದುರಿದ ಅಕ್ಕಿ ಆಯುತ್ತಿದ್ದ ಶರಣ. ಒಂದು ದಿನ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದಳು ಹೆಂಡತಿ ಲಕ್ಕಮ್ಮ. ನಮ್ಮ ಮೂಡಿಗೆರೆ, ಕಳಸದ ತೋಟಗಳಲ್ಲಿ ಕೊಯ್ಲು ಮುಗಿದ ಮೇಲೆ ಲೈನ್ ಮನೆಯ ಹೆಣ್ಣುಮಕ್ಕಳು ಗಿಡದ ಬುಡದಲ್ಲಿ ಕೂತು ಉದುರಿದ ಕಾಫಿ ಹೆಕ್ಕುತ್ತಾರೆ. ಅದೂ ಆಯ್ದಕ್ಕಿಯ ಕಾಯಕವೇ. ಕೊರಳಲ್ಲಿ ಲಿಂಗ ಧರಿಸಿದ ತೋಟದ ಧಣಿ ಕೂಲಿ ಲೆಕ್ಕ ಬರೆಸುವಾಗ ಲಕ್ಕಮ್ಮನನ್ನು ನೆನೆಯುತ್ತಾನೆಯೇ? ದಾಸೋಹದ ಪಂಕ್ತಿಯಲ್ಲಿ ಆ ಹೆಣ್ಣುಮಗಳು ಅವನ ಪಕ್ಕ ಕೂರುತ್ತಾಳೆಯೇ?

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ಶಿವಾನುಭವ ಗೋಷ್ಠಿಗಳಲ್ಲಿ ಹಾರ ತುರಾಯಿ ಕಡಿಮೆ ಮಾಡಿ. ಧಣಿ, ಆಳು ಒಂದೇ ಜಮಖಾನದ ಮೇಲೆ ಕೂತು ಒಂದು ವಚನ ಓದಲಿ. ನಾಳೆ ನನ್ನ ಮನೆಯಲ್ಲಿ, ನನ್ನ ತೋಟದಲ್ಲಿ ಏನು ಬದಲಾಗಬೇಕು ಎಂದು ಪ್ರತಿಯೊಬ್ಬರೂ ಹೇಳಿ ಏಳಲಿ. ನಾನು ಪಂಚಾಂಗ ಇಳಿಸಿದ್ದೇನೆ. ತಾವು ಬೀರು ತೆರೆಯಿರಿ.