ಒಂದೇ ಪಟ್ಟಿಯ ಮಾತು ಕೇಳಿ ಬಾಗಿಲು ಹಾಕಬೇಡಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಟೆಕ್ ಫೆಸ್ಟ್‌ಗೆ ಅಂತ ಒಂದು ಸಣ್ಣ ಮೇಲ್ ಸರ್ವರ್ ಹಾಕಿದ್ವಿ. ಎರಡೇ ದಿನಕ್ಕೆ ಲಾಟರಿ, ಸಾಲ ಅಂತ ಸ್ಪ್ಯಾಮ್ ತುಂಬಿಕೊಳ್ತು. ನಾನು ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಬ್ಲಾಕ್‌ಲಿಸ್ಟ್ ಸೇರಿಸಿದೆ. ಸ್ಪ್ಯಾಮ್ ನಿಂತೇ ಹೋಯ್ತು, ಎಲ್ಲರೂ ಬೆನ್ನು ತಟ್ಟಿದರು. ಫೆಸ್ಟ್ ಮುಗಿದ ಮೇಲೆ ಲಾಗ್ ನೋಡಿದೆ. ಬೇರೆ ಊರಿನ ಒಂದು ಪಾಲಿಟೆಕ್ನಿಕ್ ತಂಡ ನೋಂದಣಿಗೆ ಮೂರು ಸಲ ಮೇಲ್ ಕಳಿಸಿತ್ತು. ಮೂರು ಸಲವೂ ನಮ್ಮ ಸರ್ವರ್ 554 ಅಂದು ವಾಪಸ್ ಕಳಿಸಿತ್ತು. ಅವರು ಬರಲೇ ಇಲ್ಲ.

ಬ್ಲಾಕ್‌ಲಿಸ್ಟ್ ಕೆಲಸ ಮಾಡೋ ರೀತಿ ಸರಳ. 192.0.2.45 ಎಂಬ ಐಪಿಯಿಂದ ಮೇಲ್ ಬಂದರೆ ಸರ್ವರ್ ಅದನ್ನು ತಿರುವುಮುರುವು ಮಾಡಿ, 45.2.0.192ರ ಮುಂದೆ ಪಟ್ಟಿಯ ಡೊಮೇನ್ ಸೇರಿಸಿ ಡಿಎನ್‌ಎಸ್‌ನಲ್ಲಿ ಕೇಳುತ್ತೆ. 127.0.0.2 ತರಹದ ಉತ್ತರ ಬಂದರೆ ಐಪಿ ಪಟ್ಟಿಯಲ್ಲಿದೆ. ಅಂಥ ಹೆಸರೇ ಇಲ್ಲ ಅಂದರೆ ಪಟ್ಟಿಯಲ್ಲಿಲ್ಲ. ಗಮನಿಸಿ, ಇಲ್ಲಿ ಮೇಲ್ ಅನ್ನು ಯಾರೂ ಓದಿಲ್ಲ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿಯನ್ನು ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಒಬ್ಬ ಸ್ಪ್ಯಾಮ್ ಕಳಿಸಿದರೆ ಶಿಕ್ಷೆ ಎಲ್ಲರಿಗೂ.

ಪಟ್ಟಿಗಳೂ ಶಾಶ್ವತ ಅಲ್ಲ. ಓಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೂ ಹಲವರು ಅದನ್ನು ಕಾನ್ಫಿಗ್‌ನಿಂದ ತೆಗೆಯಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಕೇಳಿದ ಪ್ರತಿ ಐಪಿಗೂ 'ಪಟ್ಟಿಯಲ್ಲಿದೆ' ಅನ್ನೋಕೆ ಶುರು ಮಾಡ್ತು. ಅದನ್ನೇ ನಂಬಿ ಕೂತಿದ್ದ ಸರ್ವರ್‌ಗಳು ಒಳ್ಳೆಯ ಮೇಲ್ ಅನ್ನೂ ತಿರಸ್ಕರಿಸಿದವು.

ಹಾಗಂತ ಬ್ಲಾಕ್‌ಲಿಸ್ಟೇ ಬೇಡ ಅಂತಲ್ಲ. ಸ್ಪ್ಯಾಮ್ ಫೋಲ್ಡರ್‌ಗೆ ಸದ್ದಿಲ್ಲದೆ ತಳ್ಳೋದಕ್ಕಿಂತ ಬಾಗಿಲಲ್ಲೇ ತಿರಸ್ಕರಿಸೋದು ಮೇಲು. ಕಳಿಸಿದವರಿಗೆ ವಿಷಯವಾದರೂ ಗೊತ್ತಾಗುತ್ತೆ. ಆ ತಂಡಕ್ಕೂ ಬೌನ್ಸ್ ಹೋಗಿರಬೇಕು. ಆದರೆ ನಾವು ಅದರಲ್ಲಿ ಒಂದು ಫೋನ್ ನಂಬರ್ ಕೂಡ ಹಾಕಿರಲಿಲ್ಲ. ಹಾಕಬಹುದಿತ್ತು, ಪೋಸ್ಟ್‌ಫಿಕ್ಸ್‌ನಲ್ಲಿ ಆ ಸಂದೇಶ ಬದಲಿಸೋಕೆ ಅವಕಾಶ ಇದೆ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳಬಾರದು. ನನ್ನ ಪ್ರಕಾರ ಒಂದೇ ಪಟ್ಟಿಗೆ ಪೂರ್ತಿ ಅಧಿಕಾರ ಕೊಡಬಾರದು. ಪೋಸ್ಟ್‌ಫಿಕ್ಸ್‌ನದ್ದೇ ಪೋಸ್ಟ್‌ಸ್ಕ್ರೀನ್‌ನಲ್ಲಿ ಪ್ರತಿ ಪಟ್ಟಿಗೂ ಅಂಕ ಕೊಡಬಹುದು: ಹೆಚ್ಚು ನಂಬಿಕೆಯದ್ದಕ್ಕೆ 2, ಉಳಿದವಕ್ಕೆ 1, ಒಟ್ಟು 3 ಆದರೆ ಮಾತ್ರ ತಿರಸ್ಕಾರ. ಹೊಸ ಪಟ್ಟಿ ಸೇರಿಸುವಾಗ ಮೊದಲ ವಾರ ತಿರಸ್ಕರಿಸದೆ ಲಾಗ್‌ನಲ್ಲಿ ಮಾತ್ರ ಬರೆಸಿ, ಯಾರು ಸಿಕ್ಕಿಬೀಳ್ತಾರೆ ನೋಡಿ.

ಒಳಗೆ ಬಂದ ಸ್ಪ್ಯಾಮ್ ಅನ್ನು ಡಿಲೀಟ್ ಮಾಡಬಹುದು. ಬಾರದೇ ಹೋದ ಮೇಲ್ ಅನ್ನು ಯಾರೂ ಹುಡುಕೋದಿಲ್ಲ. ಈ ಸಲ ಫೆಸ್ಟ್ ಸರ್ವರ್ ನೋಡಿಕೊಳ್ಳೋ ಜೂನಿಯರ್‌ಗಳೇ, ದಿನಕ್ಕೊಮ್ಮೆ ಲಾಗ್ ಓದಿ. ನಾನು ಓದಿರಲಿಲ್ಲ.